ಹೊಲಿಗೆ ಹಾಕುವ ಮೊದಲು

1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆ ಒಂದು ಚಿತ್ರವನ್ನೂ ಅದರ ಜೊತೆಗೊಂದು ಪತ್ರವನ್ನೂ ಅಚ್ಚು ಹಾಕಿತು. ಚಿತ್ರದಲ್ಲಿದ್ದವನ ಹೆಸರು ಕಾವಸ್‌ಜಿ. ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದವನು. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದ. ವರ್ಷವೊಂದು ಕಳೆದ ಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಕುಲದವನೆಂದು ಪತ್ರ ಹೇಳುವ ಒಬ್ಬ ಕುಶಲಿ, ಮೇಣದಲ್ಲಿ ಮೂಗಿನ ಅಳತೆ ತೆಗೆದು, ಅದನ್ನು ಅವನ ಹಣೆಯ ಮೇಲೆ ಹರಡಿ ಗುರುತು ಹಾಕಿ, ಅಷ್ಟು ಚರ್ಮವನ್ನು ಕೆಳಗಿಳಿಸಿ ಹೊಸ ಮೂಗನ್ನು ಕಟ್ಟಿಕೊಟ್ಟ. ಇದನ್ನು ಓದಿ ಕಲಿತ ಜೋಸೆಫ್ ಕಾರ್ಪ್ಯೂ ಎಂಬ ಇಂಗ್ಲಿಷ್ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದನ್ನೇ ಮಾಡಿ ತೋರಿಸಿದ. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಹೇಳುವವರೆಲ್ಲ ಈ ಪ್ರಸಂಗವನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ಮೂಗು ಹೋದವನು ಸಾಯುವುದಿಲ್ಲ. ಉಸಿರಾಡುತ್ತಾನೆ, ಉಣ್ಣುತ್ತಾನೆ, ಗಾಡಿ ಹೊಡೆಯುತ್ತಾನೆ. ಆದರೂ ಕಾವಸ್‌ಜಿಗೆ ಮೂಗು ಕಟ್ಟಿಕೊಟ್ಟದ್ದು ಶೋಕಿಗಾಗಿ ಎಂದು ಯಾರೂ ಆಡಿಕೊಂಡಿಲ್ಲ. ಕ್ಯಾನ್ಸರಿನಿಂದಾಗಿ ಸ್ತನ ಕಳೆದುಕೊಂಡ ಹೆಂಗಸು ‘ಇದನ್ನು ಮತ್ತೆ ಕಟ್ಟಿಸಿಕೊಳ್ಳಬಹುದೇ?’ ಎಂದಾಗ ಮಾತ್ರ ಉತ್ತರಕ್ಕಿಂತ ಮುಂಚೆ ಒಂದು ಮರುಪ್ರಶ್ನೆ ಬರುತ್ತದೆ: ಜೀವ ಉಳಿದಿದೆಯಲ್ಲ, ಈಗ ಅದೆಲ್ಲ ಯಾಕೆ?

ಈ ಮರುಪ್ರಶ್ನೆಯನ್ನು ಎದುರಿಸಬೇಕಾದವರ ಸಂಖ್ಯೆ ಸಣ್ಣದಲ್ಲ. ಭಾರತದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನದ್ದೇ. ಗ್ಲೋಬೊಕ್ಯಾನ್ ಎಂಬ ಜಾಗತಿಕ ಕ್ಯಾನ್ಸರ್ ಲೆಕ್ಕದ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು ಬಂದವು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ನಮ್ಮಲ್ಲಿ ಈ ಕಾಯಿಲೆ ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ, ನಲವತ್ತು ಐವತ್ತರ ಆಸುಪಾಸಿನಲ್ಲೇ, ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 11 ಪ್ರದೇಶಗಳ ಅಧ್ಯಯನದಲ್ಲಿ ಕಾಯಿಲೆ ಪತ್ತೆಯಾಗಿ ಐದು ವರ್ಷ ಕಳೆದ ಮೇಲೂ ಬದುಕಿದ್ದವರು ಶೇ 66ರಷ್ಟು. ಈ ಪ್ರಮಾಣ ಸಾಲದು, ಏರಬೇಕು, ನಿಜ. ಆದರೆ ಅದರ ಇನ್ನೊಂದು ಅರ್ಥವನ್ನೂ ಗಮನಿಸಬೇಕು. ಮೂವರಲ್ಲಿ ಇಬ್ಬರು, ಚಿಕಿತ್ಸೆ ಬಿಟ್ಟುಹೋದ ಮೈಯೊಂದಿಗೆ ವರ್ಷಗಟ್ಟಲೆ, ಎಷ್ಟೋ ಮಂದಿ ದಶಕಗಟ್ಟಲೆ, ಬಾಳಬೇಕಾಗಿದೆ. ಆದ್ದರಿಂದ ಸ್ತನ ತೆಗೆದ ಮೇಲೆ ಅದನ್ನು ಮತ್ತೆ ಕಟ್ಟುವ ಮರುರಚನೆ ಚಿಕಿತ್ಸೆಗೆ ಹೊರಗಿನ ಅಲಂಕಾರವಲ್ಲ; ಅದು ಚಿಕಿತ್ಸೆಯ ಒಳಗಿನದೇ ಒಂದು ಹಂತ. ಪ್ರತಿಯೊಬ್ಬಳೂ ಅದನ್ನು ಮಾಡಿಸಿಕೊಳ್ಳಬೇಕೆಂದು ಇದರ ಅರ್ಥವಲ್ಲ. ಪ್ರತಿಯೊಬ್ಬಳನ್ನೂ ಕೇಳಬೇಕು, ಅದೂ ಆಪರೇಷನ್ನಿಗೆ ಮೊದಲೇ ಕೇಳಬೇಕು ಎಂಬುದಷ್ಟೇ ಈ ಬರಹದ ವಾದ. ಯಾಕೆಂದರೆ ಈ ಪ್ರಶ್ನೆಗೆ ಒಂದು ಗಡುವು ಇದೆ.

ಗಡುವು ಎಲ್ಲಿಂದ ಬಂತು ಎಂದು ತಿಳಿಯಲು ಶಸ್ತ್ರಕ್ರಿಯೆ ಬೆಳೆದುಬಂದ ದಾರಿಯನ್ನು ನೋಡಬೇಕು. 1890ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ರೂಢಿಗೆ ತಂದ ವಿಧಾನದಲ್ಲಿ ಸ್ತನ, ಅದರಡಿಯ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತಿದ್ದರು. ಪಕ್ಕೆಲುಬಿನ ಮೇಲೆ ತೆಳು ಚರ್ಮವಷ್ಟೇ ಉಳಿಯುತ್ತಿತ್ತು. ಅದರ ಮೇಲೆ ಏನನ್ನಾದರೂ ಮತ್ತೆ ಕಟ್ಟುವ ಮಾತೇ ಇರಲಿಲ್ಲ. ಹೆಚ್ಚು ಕತ್ತರಿಸಿದರೆ ಹೆಚ್ಚು ಬದುಕು ಎಂಬ ಆ ನಂಬಿಕೆ ಮುಕ್ಕಾಲು ಶತಮಾನ ಆಳಿತು. ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಷರ್, ಮಿಲಾನಿನ ಉಂಬರ್ಟೊ ವೆರೊನೇಸಿ ನಡೆಸಿದ ಪ್ರಯೋಗಗಳು ಅದನ್ನು ಅಲುಗಾಡಿಸಿದವು. 2002ರಲ್ಲಿ ಪ್ರಕಟವಾದ ಇಬ್ಬರ ಇಪ್ಪತ್ತು ವರ್ಷಗಳ ಲೆಕ್ಕವೂ ಒಂದೇ ಮಾತು ಹೇಳಿತು: ಆರಂಭದ ಹಂತದ ಕಾಯಿಲೆಯಲ್ಲಿ ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ, ಇಡೀ ಸ್ತನ ತೆಗೆದರೂ ಬದುಕುವ ಸಾಧ್ಯತೆ ಒಂದೇ. ಹಾಗಾಗಿ ಮರುರಚನೆಯ ಮಾತಿಗಿಂತ ಮೊದಲು ಕೇಳಬೇಕಾದ್ದು, ಸ್ತನವನ್ನು ಪೂರ್ತಿ ತೆಗೆಯಲೇಬೇಕೇ ಎಂಬುದು. ಗಡ್ಡೆ ದೊಡ್ಡದಿದ್ದರೆ, ಒಂದೇ ಸ್ತನದಲ್ಲಿ ಹಲವು ಕಡೆ ಹಬ್ಬಿದ್ದರೆ, ಬಿಆರ್‌ಸಿಎಯಂಥ ವಂಶವಾಹಿ ದೋಷವಿದ್ದರೆ, ವಾರಗಟ್ಟಲೆ ಊರು ಬಿಟ್ಟು ರೇಡಿಯೇಷನ್ನಿಗೆ ಬರಲು ಆಗದಿದ್ದರೆ ಮಾಸ್ಟೆಕ್ಟಮಿ, ಅಂದರೆ ಇಡೀ ಸ್ತನ ತೆಗೆಯುವ ಶಸ್ತ್ರಕ್ರಿಯೆ, ಬೇಕಾಗಬಹುದು. ಕಾಯಿಲೆ ತಡವಾಗಿ ಪತ್ತೆಯಾಗುವ ನಮ್ಮಲ್ಲಿ ಇಂಥವರು ಬಹಳ. ಹಾಲ್‌ಸ್ಟೆಡ್ ಕಾಲಕ್ಕೂ ಈಗಿನದಕ್ಕೂ ವ್ಯತ್ಯಾಸವೆಂದರೆ, ಇಂದಿನ ಶಸ್ತ್ರಕ್ರಿಯೆ ಎದೆಯ ಸ್ನಾಯುವನ್ನು ಉಳಿಸುತ್ತದೆ. ಕಾಯಿಲೆ ಬಿಟ್ಟುಕೊಟ್ಟಷ್ಟು ಚರ್ಮವನ್ನೂ, ಕೆಲವರಲ್ಲಿ ತೊಟ್ಟನ್ನೂ ಉಳಿಸಬಲ್ಲದು. ಉಳಿದ ಈ ಚೀಲದೊಳಗೆ ಏನನ್ನಾದರೂ ಇಡಬಹುದು ಎಂಬ ಯೋಚನೆಯಿಂದಲೇ ಇಂಪ್ಲಾಂಟಿಗೆ ಜಾಗ ಸಿಕ್ಕಿದ್ದು.

ಇಂಪ್ಲಾಂಟ್ ಎಂದರೆ ಸಿಲಿಕೋನಿನ ಹೊರಪದರದೊಳಗೆ ಸಿಲಿಕೋನ್ ಜೆಲ್ ಅಥವಾ ಉಪ್ಪುನೀರು, ಅಂದರೆ ಸಲೈನ್, ತುಂಬಿದ ಚೀಲ. ಎಲ್ಲ ಅನುಕೂಲವಾಗಿದ್ದರೆ ಸ್ತನ ತೆಗೆದ ಅದೇ ಹೊತ್ತಿನಲ್ಲಿ, ಅದೇ ಅರಿವಳಿಕೆಯಲ್ಲಿ ಅದನ್ನು ಕೂರಿಸಿಬಿಡಬಹುದು. ಬಹಳ ಮಂದಿಗೆ ಎರಡು ಹಂತ ಬೇಕಾಗುತ್ತದೆ. ಮೊದಲು ಎಕ್ಸ್‌ಪ್ಯಾಂಡರ್ ಎಂಬ ಖಾಲಿ ಬಲೂನನ್ನು ಸ್ನಾಯುವಿನ ಕೆಳಗೋ ಮೇಲೋ ಇಡುತ್ತಾರೆ. ಗಾಯ ಮಾಗಿದ ಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸೂಜಿಯಿಂದ ಸ್ವಲ್ಪ ಸ್ವಲ್ಪವೇ ಸಲೈನ್ ತುಂಬುತ್ತಾರೆ. ಬಸುರಿಯ ಹೊಟ್ಟೆಯ ಚರ್ಮ ಹಿಗ್ಗುವ ಹಾಗೆ ಎದೆಯ ಚರ್ಮವೂ ನಿಧಾನವಾಗಿ ಹಿಗ್ಗುತ್ತದೆ. ಬೇಕಾದಷ್ಟು ಜಾಗವಾದ ಮೇಲೆ ಇನ್ನೊಂದು ಆಪರೇಷನ್ನಿನಲ್ಲಿ ಬಲೂನು ತೆಗೆದು ಇಂಪ್ಲಾಂಟ್ ಇಡುತ್ತಾರೆ. ತೊಟ್ಟು ಹೋಗಿದ್ದರೆ ಅದನ್ನು ಚರ್ಮದಿಂದ ರೂಪಿಸುವುದೋ ಹಚ್ಚೆಯಲ್ಲಿ ಬಿಡಿಸುವುದೋ ಕೊನೆಯ ಕೆಲಸ. ಇಷ್ಟೆಲ್ಲ ಆದ ಮೇಲೂ ಅದು ಹಳೆಯ ಸ್ತನವಾಗುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಮುಟ್ಟಿದರೆ ಬಹುಮಟ್ಟಿಗೆ ಮರಗಟ್ಟಿದಂತೆಯೇ ಇರುತ್ತದೆ, ಅದರಲ್ಲಿ ಹಾಲೂಡುವ ಮಾತಿಲ್ಲ, ವಯಸ್ಸಾದಂತೆ ಪಕ್ಕದ್ದು ಜೋತರೂ ಇದು ಜೋಲುವುದಿಲ್ಲ. ಮರಳಿ ಸಿಗುವುದು ಆಕಾರ: ರವಿಕೆ ಎರಡೂ ಕಡೆ ಸಮನಾಗಿ ಕೂರುವುದು, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಸೆರಗನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳದಿರುವುದು, ಸ್ನಾನದ ಮನೆಯಲ್ಲಿ ಪ್ರತಿ ಬೆಳಗ್ಗೆ ಕಾಯಿಲೆಯ ನೆನಪಾಗದಿರುವುದು. ಇವುಗಳಿಗೆ ಎಷ್ಟು ಬೆಲೆ ಎಂಬುದನ್ನು ಆ ಮೈಯಲ್ಲಿ ಬಾಳುವವಳಲ್ಲದೆ ಬೇರೆಯವರು ಕಟ್ಟಲಾರರು.

ಗಡುವಿನ ಮಾತು ಬರುವುದು ಇಲ್ಲಿ. ಮರುರಚನೆಯ ಯೋಚನೆಯೇ ಇಲ್ಲದೆ ಮಾಡುವ ಮಾಸ್ಟೆಕ್ಟಮಿಯಲ್ಲಿ ಹೆಚ್ಚುವರಿ ಚರ್ಮವನ್ನೆಲ್ಲ ತೆಗೆದು ಎದೆಯನ್ನು ಚಪ್ಪಟೆಯಾಗಿ ಹೊಲಿಯುತ್ತಾರೆ. ಆ ದೃಷ್ಟಿಯಿಂದ ಅದು ಸರಿಯಾದ ಕೆಲಸವೇ. ಮರುರಚನೆ ಬೇಕೆಂದಿದ್ದರೆ ಅದೇ ಚರ್ಮ ಚಿನ್ನ. ಕೊಯ್ಯುವ ಗೆರೆಯನ್ನೇ ಬೇರೆ ಕಡೆ ಎಳೆದು ಅದನ್ನು ಉಳಿಸಿಕೊಳ್ಳುತ್ತಾರೆ. ಅಂದರೆ ಕ್ಯಾನ್ಸರ್ ತೆಗೆಯುವ ಸರ್ಜನ್ನೂ ಪ್ಲಾಸ್ಟಿಕ್ ಸರ್ಜನ್ನೂ ಮೊದಲೇ ಕೂತು ಮಾತಾಡಿರಬೇಕು, ಅವರಿಗಿಂತ ಮೊದಲು ಆ ಹೆಂಗಸಿನೊಂದಿಗೆ ಮಾತಾಡಿರಬೇಕು. ಒಮ್ಮೆ ತೆಗೆದ ಚರ್ಮ ಬೆಳೆದು ಬರುವುದಿಲ್ಲ. ವರ್ಷಗಳ ನಂತರವೂ ಮರುರಚನೆ ಸಾಧ್ಯ, ಬಾಗಿಲು ಮುಚ್ಚಿಹೋಗುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಕಲೆಗಟ್ಟಿದ ಬಿಗಿಯಾದ ಚರ್ಮವನ್ನು ಹಿಗ್ಗಿಸಬೇಕು, ಇಲ್ಲವೇ ಬೆನ್ನಿನಿಂದಲೋ ಹೊಟ್ಟೆಯಿಂದಲೋ ಚರ್ಮವನ್ನೂ ಮಾಂಸವನ್ನೂ ತರಬೇಕು. ಆಪರೇಷನ್ನುಗಳ ಸಂಖ್ಯೆ ಹೆಚ್ಚುತ್ತದೆ, ಖರ್ಚು ಏರುತ್ತದೆ. ‘ಆಮೇಲೆ ನೋಡೋಣ’ ಎಂಬ ಮಾತು ವೈದ್ಯರ ಬಾಯಲ್ಲಿ ಮೃದುವಾಗಿಯೇ ಕೇಳಿಸುತ್ತದೆ. ಅವಳಿಗೆ ತಿಳಿಯದಂತೆ ಅದು ಎಷ್ಟೋ ಬಾರಿ ಒಂದು ತೀರ್ಮಾನವೂ ಆಗಿಬಿಟ್ಟಿರುತ್ತದೆ. ಕೇಳದೆ ಬಿಡುವುದೂ ಒಂದು ಉತ್ತರ ಕೊಟ್ಟಂತೆಯೇ. ಆ ಉತ್ತರ ಕೊಟ್ಟವರು ಮಾತ್ರ ಬೇರೆಯವರು.

ಕೇಳುವುದು ಇಷ್ಟು ಸರಳವಾದರೂ ಅದು ತಾನಾಗಿ ನಡೆಯುವುದಿಲ್ಲ ಎಂಬುದಕ್ಕೆ ಸಿರಿವಂತ ದೇಶಗಳಲ್ಲೇ ಸಾಕ್ಷಿಯಿದೆ. ಸರ್ಕಾರವೇ ಚಿಕಿತ್ಸೆಯ ಖರ್ಚು ಹೊರುವ ಇಂಗ್ಲೆಂಡಿನಲ್ಲಿ 2008–09ರಲ್ಲಿ ಮಾಸ್ಟೆಕ್ಟಮಿ ಮಾಡಿಸಿಕೊಂಡವರ ರಾಷ್ಟ್ರೀಯ ಲೆಕ್ಕ ತೆಗೆದಾಗ, ಅದೇ ಹೊತ್ತಿಗೆ ಮರುರಚನೆಯೂ ಆದವರು ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಅಮೆರಿಕ 1998ರಲ್ಲೇ ಒಂದು ಕಾನೂನು ಮಾಡಿತ್ತು: ಮಾಸ್ಟೆಕ್ಟಮಿಯ ವೆಚ್ಚ ಭರಿಸುವ ವಿಮೆ ಮರುರಚನೆಯ ವೆಚ್ಚವನ್ನೂ, ಇನ್ನೊಂದು ಸ್ತನವನ್ನು ಸಮ ಮಾಡುವ ಶಸ್ತ್ರಕ್ರಿಯೆಯ ವೆಚ್ಚವನ್ನೂ ಭರಿಸಬೇಕು. ದುಡ್ಡಿನ ದಾರಿ ಹೀಗೆ ತೆರೆದು ಹನ್ನೆರಡು ವರ್ಷವಾದ ಮೇಲೂ ನ್ಯೂಯಾರ್ಕ್ ರಾಜ್ಯ 2010ರಲ್ಲಿ ಇನ್ನೊಂದು ಕಾನೂನು ತರಬೇಕಾಯಿತು. ಅದು ಹೇಳಿದ್ದಿಷ್ಟೇ: ಸ್ತನ ತೆಗೆಯುವ ಮೊದಲು ಮರುರಚನೆ ಎಂಬುದೊಂದಿದೆ, ಅದಕ್ಕೆ ವಿಮೆ ಸಿಗುತ್ತದೆ ಎಂದು ರೋಗಿಗೆ ತಿಳಿಸಲೇಬೇಕು. ಹಕ್ಕು ಇದ್ದರೆ ಸಾಲದು, ಹಕ್ಕು ಇದೆ ಎಂದು ಹೇಳುವವರೂ ಬೇಕು. ಬಡವರಿಗೆ, ವಲಸೆ ಬಂದವರಿಗೆ, ಇಂಗ್ಲಿಷ್ ಬಾರದವರಿಗೆ ಈ ಸುದ್ದಿ ಎಲ್ಲರಿಗಿಂತ ಕಡಿಮೆ ತಲುಪುತ್ತದೆ ಎಂಬುದು ಅಲ್ಲಿನವರ ಕಾಳಜಿಯಾಗಿತ್ತು. ಒಬ್ಬ ಸರ್ಜನ್ನಿನ ಹೊರರೋಗಿ ಕೋಣೆಯ ಮುಂದೆ ಬೆಳಗ್ಗಿನಿಂದ ಸರತಿ ನಿಂತಿರುವ, ಚೀಟಿಯಲ್ಲಿ ಬರೆದದ್ದನ್ನು ಓದಿಸಿಕೊಳ್ಳಲು ಪಕ್ಕದವರನ್ನು ಹುಡುಕುವ ನಮ್ಮ ಆಸ್ಪತ್ರೆಗಳಲ್ಲಿ ಆ ಅಂತರ ಇನ್ನೂ ದೊಡ್ಡದಿರದೆ ಹೇಗಿದ್ದೀತು?

ಜೀವವೇ ಮುಖ್ಯವಾದಾಗ ಆಕಾರದ ಮಾತೇಕೆ ಎನ್ನುವ ಆಕ್ಷೇಪ ಮೊದಲನೆಯದು, ಮತ್ತು ಪ್ರೀತಿಯಿಂದಲೇ ಬರುವಂಥದ್ದು. ಜೀವ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ಆಕ್ಷೇಪ, ಆಕಾರಕ್ಕೆ ಕೊಟ್ಟದ್ದನ್ನು ಜೀವದಿಂದ ಕಳೆಯಬೇಕಾಗುತ್ತದೆ ಎಂದು ಊಹಿಸಿಕೊಂಡಿದೆ. ಹಿಂದೆ ವೈದ್ಯರೂ ಹಾಗೆಯೇ ಹೆದರಿದ್ದರು. ಮೇಲೆ ಏನಾದರೂ ಕಟ್ಟಿದರೆ ಮರುಕಳಿಸುವ ಕ್ಯಾನ್ಸರ್ ಅದರಡಿಯಲ್ಲಿ ಅವಿತುಕೊಳ್ಳುತ್ತದೆ ಎಂಬ ಭಯ ಹಾಲ್‌ಸ್ಟೆಡ್ ಕಾಲದಿಂದ ಬಂದದ್ದು. ಸ್ಥಳೀಯವಾಗಿ ಮರಳುವ ಕಾಯಿಲೆ ಹೆಚ್ಚಾಗಿ ಚರ್ಮದಲ್ಲಿ, ಅದರ ಕೆಳಗಿನ ಪದರದಲ್ಲಿ ಕಾಣಿಸಿಕೊಳ್ಳುತ್ತದೆ. ಇಂಪ್ಲಾಂಟ್ ಇರುವುದು ಅದಕ್ಕೂ ಹಿಂದೆ. ಮರುರಚನೆಯಿಂದ ಕಾಯಿಲೆ ಮರಳುವುದು ಹೆಚ್ಚುತ್ತದೆ ಎಂದಾಗಲಿ ಬದುಕು ಕಡಿಮೆಯಾಗುತ್ತದೆ ಎಂದಾಗಲಿ ದಶಕಗಳ ಅನುಭವ ತೋರಿಸಿಲ್ಲ. ಇನ್ನೊಂದು ಭಯ, ಎರಡೆರಡು ಶಸ್ತ್ರಕ್ರಿಯೆಯಿಂದ ಗಾಯ ಮಾಗದೆ ಕೀಮೋ ತಡವಾದೀತು ಎಂಬುದು. ಬ್ರಿಟನ್ನಿನಲ್ಲಿ 2,500ಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ‘ಐಬ್ರಾ-2’ ಅಧ್ಯಯನ ಇದನ್ನೇ ಪರೀಕ್ಷಿಸಿತು. ಕೂಡಲೇ ಮಾಡಿದ ಮರುರಚನೆಯಿಂದ ಮುಂದಿನ ಚಿಕಿತ್ಸೆ ಲೆಕ್ಕಕ್ಕೆ ಬರುವಷ್ಟು ತಡವಾಗಲಿಲ್ಲ. ದೊಡ್ಡ ತೊಡಕು ಎದುರಾದವರಲ್ಲಿ ಮಾತ್ರ ತಡವಾಯಿತು. ಹಾಗಾಗಿ ತೊಡಕಿನ ಅಪಾಯ ಹೆಚ್ಚಿರುವವಳಿಗೆ ‘ನಿನಗೆ ಈಗ ಬೇಡ’ ಎನ್ನುವುದು ಸರಿಯಾದ ವೈದ್ಯಕೀಯ. ಎಲ್ಲರಿಗೂ ಸೇರಿಸಿ ‘ಯಾರಿಗೂ ಬೇಡ’ ಎನ್ನುವುದು ಬರೀ ರೂಢಿ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಇಂಪ್ಲಾಂಟೇ ಅಪಾಯವಲ್ಲವೇ ಎಂಬ ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ, ಯಾಕೆಂದರೆ ಇಂಪ್ಲಾಂಟಿನ ಚರಿತ್ರೆಯೇ ಎಚ್ಚರ ಹೇಳುತ್ತದೆ. ಮೊದಲ ಸಿಲಿಕೋನ್ ಇಂಪ್ಲಾಂಟನ್ನು 1962ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್ನಿನಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಅಳವಡಿಸಿದರು. ಮೂವತ್ತು ವರ್ಷ ಅದು ಸರಿಯಾದ ಪರೀಕ್ಷೆಯಿಲ್ಲದೆಯೇ ಬಳಕೆಯಲ್ಲಿತ್ತು. ಒಡೆದ ಚೀಲಗಳು, ಸೋರಿದ ಜೆಲ್, ಕೀಲುನೋವಿನಿಂದ ಹಿಡಿದು ಹಲವು ಬಗೆಯ ದೂರುಗಳು ಬಂದ ಮೇಲೆ 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಿಲಿಕೋನ್ ಜೆಲ್ ಇಂಪ್ಲಾಂಟಿಗೆ ತಡೆ ಹಾಕಿತು; ಕ್ಯಾನ್ಸರ್ ನಂತರದ ಮರುರಚನೆಗೆ ಮಾತ್ರ ಅಧ್ಯಯನದ ನಿಬಂಧನೆಯಲ್ಲಿ ಬಿಟ್ಟುಕೊಟ್ಟಿತು. 1999ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ಇಡೀ ಮೈಗೆ ಹರಡುವ ಕಾಯಿಲೆಗಳಿಗೆ ಇಂಪ್ಲಾಂಟ್ ಕಾರಣವೆನ್ನಲು ಆಧಾರ ಸಿಕ್ಕಿಲ್ಲ, ಒಡೆಯುವುದು, ಗಟ್ಟಿಯಾಗುವುದು ಮುಂತಾದ ಸ್ಥಳೀಯ ತೊಡಕುಗಳೇ ನಿಜವಾದ ಸಮಸ್ಯೆ ಎಂದಿತು. 2006ರಲ್ಲಿ ತಡೆ ತೆರವಾಯಿತು. ಆದರೆ ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ದರ್ಜೆಯದ್ದಲ್ಲದ ಕೈಗಾರಿಕಾ ಸಿಲಿಕೋನ್ ತುಂಬಿ ಹಲವು ದೇಶಗಳಿಗೆ ಮಾರಿದ್ದು 2010ರಲ್ಲಿ ಬಯಲಾಯಿತು. ಅದರ ಸ್ಥಾಪಕ ಜಾನ್ ಕ್ಲೋಡ್ ಮಾಸ್‌ಗೆ 2013ರಲ್ಲಿ ನಾಲ್ಕು ವರ್ಷ ಸೆರೆವಾಸದ ಶಿಕ್ಷೆಯಾಯಿತು.

ಅದು ಮೋಸದ ಕಥೆಯಾದರೆ, ಅದರ ಮುಂದಿನದು ಯಾರ ಮೋಸವೂ ಇಲ್ಲದೆ ಬಂದ ಅಪಾಯ. ಕೆಲವು ಇಂಪ್ಲಾಂಟುಗಳ ಮೈಯನ್ನು ಜಾರದಿರಲೆಂದು ಒರಟಾಗಿ ಮಾಡಿರುತ್ತಾರೆ. ಇಂಪ್ಲಾಂಟಿನ ಸುತ್ತ ದೇಹ ಕಟ್ಟಿಕೊಳ್ಳುವ ಪೊರೆಯಲ್ಲಿ ಅಪರೂಪಕ್ಕೆ ಲಿಂಫೋಮಾ ಎಂಬ ಬಗೆಯ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ ಎಂದು ಎಫ್‌ಡಿಎ 2011ರಲ್ಲಿ ಎಚ್ಚರಿಸಿತು. ಒರಟು ಮೈಗೂ ಅದಕ್ಕೂ ಇರುವ ನಂಟು ಆಮೇಲೆ ಸ್ಪಷ್ಟವಾಯಿತು. 2019ರ ಜುಲೈ ಹೊತ್ತಿಗೆ ಪ್ರಪಂಚದಾದ್ಯಂತ 573 ಪ್ರಕರಣ, 33 ಸಾವು ಲೆಕ್ಕಕ್ಕೆ ಸಿಕ್ಕಿದ್ದವು. ಅವುಗಳಲ್ಲಿ ಹೆಚ್ಚಿನ ಪಾಲು ಆಲರ್ಗನ್ ಕಂಪನಿಯ ಬಯೋಸೆಲ್ ಮಾದರಿಯವು. ಕಂಪನಿ ಅವುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ಇಂಪ್ಲಾಂಟ್ ಇಟ್ಟುಕೊಂಡವರ ಸಂಖ್ಯೆ ಜಗತ್ತಿನಲ್ಲಿ ಬಹಳ ದೊಡ್ಡದಿರುವಾಗ ಇದು ಅಪರೂಪದ್ದೇ. ವರ್ಷಗಳ ಮೇಲೆ ಆ ಕಡೆ ದಿಢೀರನೆ ಊತ ಬಂದಾಗ ತಡಮಾಡದೆ ತೋರಿಸಿದರೆ, ಇಂಪ್ಲಾಂಟನ್ನೂ ಪೊರೆಯನ್ನೂ ತೆಗೆಯುವುದರಿಂದಲೇ ಬಹುಪಾಲು ಮಂದಿ ಗುಣವಾಗುತ್ತಾರೆ. ಆದರೆ ಅಪರೂಪ ಎಂಬ ಕಾರಣಕ್ಕೆ ಹೇಳದೆ ಇರುವಂತಿಲ್ಲ. 2021ರಲ್ಲಿ ಎಫ್‌ಡಿಎ ಇಂಪ್ಲಾಂಟುಗಳಿಗೆ ತನ್ನ ಅತ್ಯಂತ ಕಟುವಾದ, ಚೌಕಟ್ಟಿನೊಳಗಿನ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಅದರ ಜೊತೆಗೆ, ಅಪಾಯಗಳನ್ನು ಒಂದೊಂದಾಗಿ ಓದಿ ರೋಗಿ ಗುರುತು ಹಾಕಬೇಕಾದ ಪಟ್ಟಿಯನ್ನೂ ತಂದಿತು. ಇಂಪ್ಲಾಂಟ್ ಜೀವಮಾನದ ವಸ್ತುವಲ್ಲ ಎಂಬುದು ಅದರ ಮುಖ್ಯ ಮಾತುಗಳಲ್ಲಿ ಒಂದು. ಅರುವತ್ತು ವರ್ಷಗಳ ಈ ಚರಿತ್ರೆ ಕೊನೆಗೆ ಬಂದು ನಿಂತದ್ದು ನಿಷೇಧದಲ್ಲೂ ಅಲ್ಲ, ‘ಏನೂ ಆಗುವುದಿಲ್ಲ’ ಎಂಬ ಭರವಸೆಯಲ್ಲೂ ಅಲ್ಲ. ಪೂರ್ತಿ ತಿಳಿಸಿ, ಅವಳೇ ಆರಿಸಲಿ ಎಂಬಲ್ಲಿ.

ಪೂರ್ತಿ ತಿಳಿಸುವುದೆಂದರೆ ಅಂಕಿಗಳನ್ನೂ ತಿಳಿಸುವುದು. ಉತ್ತರ ಅಮೆರಿಕದ 11 ಆಸ್ಪತ್ರೆಗಳಲ್ಲಿ ಮರುರಚನೆ ಮಾಡಿಸಿಕೊಂಡ 2,300ಕ್ಕೂ ಹೆಚ್ಚು ಹೆಂಗಸರನ್ನು ಎರಡು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2018ರಲ್ಲಿ ಹೊರಬಂತು. ಮೂವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ತೊಡಕು ಎದುರಾಗಿತ್ತು. ಐವರಲ್ಲಿ ಒಬ್ಬರು ಅದಕ್ಕಾಗಿ ಮತ್ತೆ ಆಪರೇಷನ್ ಟೇಬಲ್ಲಿಗೆ ಹೋಗಬೇಕಾಯಿತು. ಮೈಯ ಬೇರೆ ಭಾಗದಿಂದ ಮಾಂಸ ತಂದು ಕಟ್ಟಿದವರಲ್ಲಿ ಆರಂಭದ ತೊಡಕು ಹೆಚ್ಚು. ಆದರೆ ಕಟ್ಟಿದ್ದೇ ಕೈಕೊಟ್ಟು ತೆಗೆಯಬೇಕಾದದ್ದು ಇಂಪ್ಲಾಂಟಿನವರಲ್ಲಿ ಹೆಚ್ಚು, ಎರಡು ವರ್ಷದ ಮೇಲೆ ತಮ್ಮ ಸ್ತನದ ಬಗ್ಗೆ ಹೆಚ್ಚು ಸಮಾಧಾನ ಹೇಳಿದವರು ಸ್ವಂತ ಮಾಂಸದವರು. ಇಂಪ್ಲಾಂಟಿನ ದೊಡ್ಡ ಶತ್ರು, ಜನ ‘ಕರೆಂಟ್ ಕೊಡುವುದು’ ಎನ್ನುವ ರೇಡಿಯೇಷನ್. ಇಂಪ್ಲಾಂಟಿನ ಸುತ್ತಲಿನ ಪೊರೆ ಎಲ್ಲರಲ್ಲೂ ಬರುತ್ತದೆ. ರೇಡಿಯೇಷನ್ ಬಿದ್ದಲ್ಲಿ ಅದು ಬಿಗಿದು, ಗಟ್ಟಿಯಾಗಿ, ಆಕಾರ ಕೆಟ್ಟು ನೋಯುವುದು ಹೆಚ್ಚು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ತಂಬಾಕು ಬಳಸುವವರಿಗೆ, ತೂಕ ಬಹಳ ಇರುವವರಿಗೆ ಸೋಂಕಿನ ಭಯವೂ ಹೆಚ್ಚು. ಕಾಯಿಲೆ ಬಲಿತ ಮೇಲೆ ಬರುವವರೇ ಹೆಚ್ಚಿರುವ, ಆದ್ದರಿಂದ ರೇಡಿಯೇಷನ್ ಬೇಕಾಗುವವರೇ ಹೆಚ್ಚಿರುವ ನಮ್ಮಲ್ಲಿ ಇಂಪ್ಲಾಂಟ್ ಎಲ್ಲರಿಗೂ ಒಗ್ಗುವ ದಾರಿಯಲ್ಲ. ಕೆಲವರಿಗೆ ಬೆನ್ನಿನ ಸ್ನಾಯು, ಹೊಟ್ಟೆಯ ಕೊಬ್ಬು ಮೇಲು. ಕೆಲವರಿಗೆ ಕಾಯುವುದೇ ಮೇಲು. ಇನ್ನು ಕೆಲವರಿಗೆ ಬ್ರಾದೊಳಗೆ ಇಟ್ಟುಕೊಳ್ಳುವ ಹೊರಗಿನ ಕೃತಕ ಸ್ತನವೇ ಸಾಕು. ಇದು ಇಂಪ್ಲಾಂಟಿನ ವಿರುದ್ಧದ ವಾದವಲ್ಲ. ದಾರಿಗಳು ಇಷ್ಟಿರುವಾಗ, ಒಬ್ಬೊಬ್ಬಳ ಮೈಗೆ ಒಂದೊಂದು ಹೊಂದುವಾಗ, ಮಾತು ಇನ್ನಷ್ಟು ಮೊದಲೇ ಆರಂಭವಾಗಬೇಕು ಎಂಬುದಕ್ಕೆ ಸಾಕ್ಷಿ.

ಮಾತು ಆಪರೇಷನ್ನಿಗೆ ಮುಗಿಯಲೂಬಾರದು. ಸಿಲಿಕೋನ್ ಇಂಪ್ಲಾಂಟ್ ಒಳಗೇ ಒಡೆದರೂ ಹೊರಗೆ ಗೊತ್ತಾಗದಿರಬಹುದು. ಹಾಗಾಗಿ ಐದಾರು ವರ್ಷಕ್ಕೆ ಮೊದಲ ಬಾರಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡಿನಲ್ಲಿ ನೋಡಿಸಬೇಕೆಂಬುದು ಎಫ್‌ಡಿಎ ಸಲಹೆ. ಇಂಪ್ಲಾಂಟಿನ ಕಂಪನಿ, ಮಾದರಿ, ಕ್ರಮಸಂಖ್ಯೆ ಬರೆದ ಕಾರ್ಡು ಅವಳ ಕೈಯಲ್ಲಿರಬೇಕು. ಪಿಐಪಿ ಹಗರಣದಲ್ಲಿ ಯಾರ ಮೈಯಲ್ಲಿ ಯಾವ ಇಂಪ್ಲಾಂಟಿದೆ ಎಂದು ಹುಡುಕುವುದೇ ಎಷ್ಟೋ ದೇಶಗಳಿಗೆ ಕಷ್ಟವಾಯಿತು. ಆ ಪಾಠ ಕಲಿತೇ ಆಸ್ಟ್ರೇಲಿಯಾ, ನೆದರ್ಲೆಂಡ್ಸ್ 2015ರಲ್ಲಿ, ಇಂಗ್ಲೆಂಡ್ 2016ರಲ್ಲಿ ಪ್ರತಿ ಇಂಪ್ಲಾಂಟನ್ನೂ ಬರೆದಿಡುವ ರಾಷ್ಟ್ರೀಯ ನೋಂದಣಿ ಆರಂಭಿಸಿದವು. ಕ್ಯಾನ್ಸರ್ ಲೆಕ್ಕ ಬರೆದಿಡುವ ಕೆಲಸದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದಲೇ ಪಳಗಿದೆ. ಬಂದ ಕಾಯಿಲೆಯನ್ನು ಬರೆದಿಡಲು ಬಲ್ಲವರು, ಅದಕ್ಕೆ ಮೈಯೊಳಗೆ ಇಟ್ಟ ವಸ್ತುವನ್ನೂ ಬರೆದಿಡಬಲ್ಲರು.

ಮೂರನೆಯ ಆಕ್ಷೇಪ ದುಡ್ಡಿನದು. ಒಂದು ಇಂಪ್ಲಾಂಟಿಗೆ ಹತ್ತಾರು ಸಾವಿರ ರೂಪಾಯಿ. ರೇಡಿಯೇಷನ್ ಯಂತ್ರವೇ ಇಲ್ಲದ ಜಿಲ್ಲೆಗಳಿರುವಾಗ ಸಾರ್ವಜನಿಕ ಹಣವನ್ನು ಇದಕ್ಕೆ ಸುರಿಯಬೇಕೇ? 2018ರ ಫೆಬ್ರವರಿಯಲ್ಲಿ ಚೆನ್ನೈನ ಸರ್ಕಾರಿ ಸ್ಟ್ಯಾನ್ಲಿ ಮೆಡಿಕಲ್ ಕಾಲೇಜಿನಲ್ಲಿ ಬಡವರಿಗೂ ಸ್ತನದ ಇಂಪ್ಲಾಂಟ್ ಉಚಿತವಾಗಿ ಕೊಡುವ ಸುದ್ದಿ ಬಂದಾಗ ಇದೇ ಟೀಕೆ ಎದ್ದಿತ್ತು. ಅಂದದ ಶಸ್ತ್ರಕ್ರಿಯೆಯನ್ನೂ ಕ್ಯಾನ್ಸರ್ ನಂತರದ ಮರುರಚನೆಯನ್ನೂ ಒಂದೇ ಬುಟ್ಟಿಗೆ ಹಾಕಿದ್ದೇ ಅಲ್ಲಿನ ಚರ್ಚೆಯನ್ನು ಕೆಡಿಸಿತು. ಇವೆರಡರ ನಡುವಿನ ಗೆರೆಯನ್ನು ನಮ್ಮ ನಿಯಮಗಳೇ ಈಗಾಗಲೇ ಎಳೆದಿವೆ. ಭಾರತೀಯ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಯಿಂದ ಏನೇನನ್ನು ಹೊರಗಿಡಬಹುದು ಎಂದು ಪಟ್ಟಿ ಮಾಡಿದಾಗ, ಅಂದಕ್ಕಾಗಿ ಮಾಡುವ ಪ್ಲಾಸ್ಟಿಕ್ ಸರ್ಜರಿಯನ್ನು ಹೊರಗಿಟ್ಟಿತು. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇವುಗಳ ನಂತರದ ಮರುರಚನೆಯನ್ನು ಆ ಹೊರಗಿಡುವಿಕೆಯಿಂದ ಬಿಡಿಸಿತು. ಬೆಂಕಿಯಲ್ಲಿ ಬೆಂದ ಮುಖವನ್ನು ಸರಿಪಡಿಸುವುದಕ್ಕೂ ಕ್ಯಾನ್ಸರ್ ತೆಗೆದ ಎದೆಯನ್ನು ಸರಿಪಡಿಸುವುದಕ್ಕೂ ಅಲ್ಲಿ ಒಂದೇ ಸಾಲು. 1968ರಲ್ಲಿ ರೂಪುಗೊಂಡ ಜೈಪುರ ಕಾಲನ್ನು ಬಡವರಿಗೆ ಉಚಿತವಾಗಿ ಕೊಡುವಾಗ ಯಾರೂ ‘ಊರುಗೋಲಿದೆಯಲ್ಲ’ ಎನ್ನಲಿಲ್ಲ. ಹಣ ಕಡಿಮೆಯಿರುವಲ್ಲಿ ಆದ್ಯತೆಗಳು ಇರಲೇಬೇಕು. ಬೇಗ ಪತ್ತೆ ಮಾಡುವುದು, ರೇಡಿಯೇಷನ್, ಕೀಮೋ ಮೊದಲು ಬರಲಿ. ಬಡವರ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುವ ಆಯುಷ್ಮಾನ್‌ನಂಥ ಯೋಜನೆಗಳಲ್ಲಿ ಮರುರಚನೆಗೂ ಇಂಪ್ಲಾಂಟಿನ ಬೆಲೆಗೂ ಸ್ಪಷ್ಟವಾದ ಜಾಗ ಇರಬೇಕೆಂದು ಕೇಳುವುದು ಆ ಆದ್ಯತೆಯನ್ನು ಕದಲಿಸುವುದಿಲ್ಲ. ಕೇಳುವುದಕ್ಕಂತೂ ಹಣವೇ ಬೇಡ, ಹತ್ತು ನಿಮಿಷ ಸಾಕು.

ಎಲ್ಲಕ್ಕಿಂತ ಆಳವಾದ ಆಕ್ಷೇಪ ಬಂದದ್ದು ಆಸ್ಪತ್ರೆಯ ಹೊರಗಿನಿಂದ. ಅಮೆರಿಕದ ಕವಿ ಆಡ್ರಿ ಲಾರ್ಡ್ 1978ರಲ್ಲಿ ಒಂದು ಸ್ತನ ಕಳೆದುಕೊಂಡರು. 1980ರಲ್ಲಿ ‘ದಿ ಕ್ಯಾನ್ಸರ್ ಜರ್ನಲ್ಸ್’ ಪ್ರಕಟಿಸಿದರು. ಶಸ್ತ್ರಕ್ರಿಯೆಯಾದ ಕೆಲವೇ ದಿನಕ್ಕೆ ಕೃತಕ ಸ್ತನ ತೊಡಲು ಅವರನ್ನು ಒತ್ತಾಯಿಸಿದರು. ತೊಡದೆ ಹೋದಾಗ, ಇದರಿಂದ ಇಲ್ಲಿಗೆ ಬರುವ ಉಳಿದವರ ಮನಸ್ಸು ಕುಗ್ಗುತ್ತದೆ ಎಂದು ನರ್ಸ್ ಆಕ್ಷೇಪಿಸಿದರು. ಇಸ್ರೇಲಿನ ಸೇನಾನಿ ಮೋಶೆ ದಯಾನ್ ಕಳೆದುಕೊಂಡ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡೇ ಓಡಾಡುತ್ತಿದ್ದರು, ಗಾಜಿನ ಕಣ್ಣು ಹಾಕಿಸಿಕೊ ಎಂದು ಅವರಿಗೆ ಯಾರೂ ಹೇಳುತ್ತಿರಲಿಲ್ಲ. ಹೆಂಗಸಿಗೆ ಮಾತ್ರ ನೋಡುವವರಿಗಾಗಿ ಗಾಯ ಮುಚ್ಚಿಕೋ ಎನ್ನುತ್ತಾರೆ ಎಂಬುದು ಲಾರ್ಡ್ ಅವರ ತಕರಾರು. ಅದು ನ್ಯಾಯವಾದ ತಕರಾರು. ಮರುರಚನೆ ಎಂಬುದು ‘ಹೆಣ್ಣೆಂದರೆ ಹೀಗಿರಬೇಕು’ ಎಂಬ ಒತ್ತಾಯವಾದರೆ ಅದು ಚಿಕಿತ್ಸೆಯಲ್ಲ, ಶಿಸ್ತು. ಚಪ್ಪಟೆ ಎದೆಯನ್ನೇ ಒಪ್ಪಿ, ಅದನ್ನು ಜೋಲುವ ಚರ್ಮವಿಲ್ಲದಂತೆ ಅಂದವಾಗಿ ಹೊಲಿದುಕೊಡಿ ಎಂದು ಕೇಳುವವರಿದ್ದಾರೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2020ರಲ್ಲಿ ಅದಕ್ಕೂ ಒಂದು ಹೆಸರು ಕೊಟ್ಟು ತನ್ನ ಪದಕೋಶಕ್ಕೆ ಸೇರಿಸಿತು. ಆದರೆ ಲಾರ್ಡ್ ಸಿಟ್ಟಾದದ್ದು ತಮ್ಮನ್ನು ಕೇಳದೆ ಉತ್ತರ ಕೊಟ್ಟದ್ದಕ್ಕೆ ಎಂಬುದನ್ನು ಮರೆಯಬಾರದು. ಅಂದು ಅಲ್ಲಿ ಕೇಳದೆ ‘ಬೇಕು’ ಎಂದರು, ಇಂದು ಇಲ್ಲಿ ಕೇಳದೆ ‘ಬೇಡ’ ಎನ್ನುತ್ತೇವೆ. ಎರಡರಲ್ಲೂ ನಡೆದ ತಪ್ಪು ಒಂದೇ.

ನಮ್ಮಲ್ಲಿ ಕೇಳಿದರೂ ಪ್ರಶ್ನೆ ಹೋಗುವುದು ಎಷ್ಟೋ ಸಲ ಬೇರೆಯವರ ಬಳಿಗೆ. ಗಂಡ, ಮಗ, ಅಣ್ಣ, ಭಾವ ವೈದ್ಯರ ಎದುರು ಕೂತಿರುತ್ತಾರೆ. ಅವಳು ಹೊರಗೆ ಬೆಂಚಿನ ಮೇಲೆ. ವಯಸ್ಸಾಗಿದೆ, ಮಕ್ಕಳು ದೊಡ್ಡವರಾಗಿದ್ದಾರೆ, ಇನ್ನು ಯಾರಿಗೆ ತೋರಿಸಬೇಕು ಎಂಬ ಮಾತು ಅವಳ ಪರವಾಗಿ ಅವರೇ ಆಡುತ್ತಾರೆ. ತೋರಿಸುವುದಕ್ಕಾಗಿಯೇ ಸ್ತನ ಇರುವುದು ಎಂದು ಎಣಿಸಿದವರು ಮಾತ್ರ ಕೇಳಬಹುದಾದ ಪ್ರಶ್ನೆಯದು. ಕನ್ನಡದಲ್ಲಿ ಎದೆ ಎಂಬ ಒಂದೇ ಮಾತಿನಲ್ಲಿ ಸ್ತನವೂ ಇದೆ, ಹೃದಯವೂ ಇದೆ, ಧೈರ್ಯವೂ ಇದೆ; ಎದೆಗುಂದುವುದು, ಎದೆಗಾರಿಕೆ, ಎದೆಗೆ ಹಾಕಿಕೊಳ್ಳುವುದು ಎಲ್ಲ ಅಲ್ಲಿಯವೇ. ನೋಡುವವರ ಕಣ್ಣಿಗಿಂತ ಮೊದಲು ಅದು ಹೊತ್ತವಳದು ಎಂಬುದು ಭಾಷೆಗೆ ಗೊತ್ತಿದೆ. ಆದ್ದರಿಂದ ಪ್ರಶ್ನೆ ಅವಳನ್ನೇ, ಅವಳ ಭಾಷೆಯಲ್ಲಿ, ಸಾಧ್ಯವಾದರೆ ಒಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು. ಗಂಟನ್ನಷ್ಟೇ ತೆಗೆದರೆ ಸಾಲದೇ? ತೆಗೆಯಲೇಬೇಕಾದರೆ ಮತ್ತೆ ಕಟ್ಟಬಹುದೇ, ಈಗಲೋ ಆಮೇಲೋ, ಇಂಪ್ಲಾಂಟಿನಿಂದಲೋ ನನ್ನದೇ ಮಾಂಸದಿಂದಲೋ? ನನಗೆ ರೇಡಿಯೇಷನ್ ಬೇಕಾಗುತ್ತದೆಯೇ, ಆದರೆ ಏನಾಗುತ್ತದೆ? ಇನ್ನೆಷ್ಟು ಆಪರೇಷನ್, ಎಷ್ಟು ಖರ್ಚು, ಹತ್ತು ವರ್ಷದ ಮೇಲೆ ಯಾರು ನೋಡುತ್ತಾರೆ? ಏನೂ ಬೇಡ ಎಂದರೆ ಹೊಲಿಗೆ ಹೇಗಿರುತ್ತದೆ? ಇವುಗಳಿಗೆ ಉತ್ತರ ಕೇಳಿಸಿಕೊಂಡ ಮೇಲೆ ಅವಳು ಬೇಕು ಎನ್ನಬಹುದು, ಬೇಡ ಎನ್ನಬಹುದು, ಸ್ವಲ್ಪ ಕಾಯುತ್ತೇನೆ ಎನ್ನಬಹುದು.

ಶಸ್ತ್ರಕ್ರಿಯೆಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಪ್ರತಿ ಆಸ್ಪತ್ರೆಯಲ್ಲೂ ಇದೆ. ಅದರಲ್ಲಿ ಒಂದು ಸಾಲು ಸೇರಿಸಲು ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ: ಸ್ತನದ ಮರುರಚನೆಯ ಬಗ್ಗೆ ನನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಲಾಗಿದೆ, ನನ್ನ ತೀರ್ಮಾನ ಇದು. ಆ ಸಾಲಿನ ಮುಂದೆ ಅವಳ ಸಹಿಯೋ ಹೆಬ್ಬೆಟ್ಟೋ ಬೀಳಬೇಕು, ಗಂಡನದಲ್ಲ. ಪುಣೆಯ ಆ ಕುಶಲಿ ಕತ್ತಿ ಹಿಡಿಯುವ ಮೊದಲು ಮೇಣದಲ್ಲಿ ಅಳತೆ ಮಾಡಿಕೊಂಡಿದ್ದ. ಕಾವಸ್‌ಜಿಗೆ ಆಗಿದ್ದು ಮೂಗು ಹೋಗಿ ವರ್ಷವಾದ ಮೇಲೆ. ಸ್ತನದ ಕ್ಯಾನ್ಸರಿನಲ್ಲಿ, ಕಳೆದುಕೊಳ್ಳುವ ಮೊದಲೇ ಅಳತೆ ಮಾಡಿಕೊಳ್ಳುವ ಅವಕಾಶ ನಮಗಿದೆ. ಕೇಳಲು ಇರುವ ಸಮಯವೂ ಅದೇ, ಹೊಲಿಗೆ ಹಾಕುವ ಮೊದಲು.